ಮಾರ್ಕಯನ್‌ಕೋಟ್ಟೈ ಬಳಿ ನಿಂತ ಗಾಡಿ

ಜೂನ್ ೧೧, ಮಂಗಳವಾರ

ಹದಿನಾರನೆಯ ದಿನದ ಕಾರ್ಯ ನಿನ್ನೆ ಮುಗಿಯಿತು. ಇಂದು ತೇನಿ ಆಫೀಸಿಗೆ ಹೋದೆ. ನನ್ನ ಮೇಜನ್ನು ಯಾರೋ ಒರೆಸಿಟ್ಟಿದ್ದರು. ಎಲ್ಲರೂ ನನ್ನ ಹತ್ತಿರ ಒಂದೊಂದೇ ಪದ ಬಿಡಿಸಿ ಮಾತಾಡಿದರು, ನನಗೆ ಕಿವಿ ಕೇಳದೇನೋ ಎಂಬಂತೆ. ಕಿವಿ ಸರಿಯಾಗಿದೆ.

ನಾನಿಲ್ಲದಾಗ ಬೋಡಿ ಆಂಬುಲೆನ್ಸಿನ ಎ.ಸಿ. ಕೆಟ್ಟಿದೆ. ಬತ್ತಲಗುಂಡು ಗಾಡಿಯ ಕ್ಲಚ್ ಜಾರುತ್ತಿದೆ. ಕೊಡೈಕಾನಲ್ ಘಾಟಿ ಹತ್ತಿ ಇಳಿಯುವ ಗಾಡಿಗೆ ಕ್ಲಚ್ ಎಷ್ಟು ದಿನ ಬಾಳೀತು? ಅದನ್ನು ವರ್ಕ್‌ಶಾಪಿಗೆ ಕಳಿಸಬೇಕಾದರೆ ಆ ಜಾಗಕ್ಕೆ ಇನ್ನೊಂದು ಗಾಡಿ ನಿಲ್ಲಿಸಬೇಕು. ಅದನ್ನು ಎಲ್ಲಿಂದ ತರುವುದು? ನನ್ನ ಕೆಲಸವೇ ಇದು, ಒಂದು ಕಡೆ ಕಿತ್ತು ಇನ್ನೊಂದು ಕಡೆ ತೇಪೆ ಹಾಕುವುದು. ಇವತ್ತೂ ಹಾಕಿದೆ.

ಮದುರೈ ಆಫೀಸಿನಿಂದ ಒಂದು ಮೇಲ್ ಬಂದು ಕೂತಿತ್ತು. ರೋಗಿ ಒಳಗಿರುವಾಗ ಗಾಡಿ ದಾರಿಯಲ್ಲಿ ನಿಂತರೆ ಅಲ್ಲಿ ಕಂಪ್ಯೂಟರಿನಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ಯಾಕೆ ನಿಂತಿತು ಎಂದು ನಾನು ವಿಚಾರಿಸಿ ಬರೆಯಬೇಕು. ತೇವಾರಂ ಗಾಡಿ, ಮೇ ೨೬, ಮಾರ್ಕಯನ್‌ಕೋಟ್ಟೈ ಬಳಿ. ಡ್ರೈವರ್ ಎಳಿಲ್. ರೋಗಿ ಹೆಂಗಸು, ಎದೆನೋವು, ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ ಮರಣ. ಆ ರೋಗಿ ನನ್ನ ಹೆಂಡತಿ.

ಮದುರೈಯಿಂದ ಸುಂದರ್ ಸಾರ್ ಫೋನ್ ಮಾಡಿದರು. ನಮ್ಮೆಲ್ಲರ ಮೇಲಿನವರು, ಕೆಟ್ಟ ಮನುಷ್ಯನಲ್ಲ. "ಇದು ನಿಮಗೆ ಬೇಡ ಮನೋಜ್‌ಕುಮಾರ್. ದಿಂಡಿಗಲ್‌ನವರು ನೋಡಲಿ" ಎಂದರು. ನನ್ನ ಗಾಡಿ, ನಾನೇ ನೋಡುತ್ತೇನೆ ಎಂದೆ. ಅವರು ಆಮೇಲೆ ಕ್ಲಚ್ ವಿಷಯ ಕೇಳಿದರು.

ಟೈರ್ ಕಂಪನಿಯವರು ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಮೈಸೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗ ಕಲಿತ ಕನ್ನಡ ಲಿಪಿ ಇದು. ನಮ್ಮ ಮನೆಗಳಲ್ಲಿ ಆಡುವುದು ಕನ್ನಡ, ಬರೆಯುವುದು ತಮಿಳು. ಈ ಲಿಪಿಯಲ್ಲಿ ಏನು ಬರೆದರೂ ಮನೆಯಲ್ಲಿ ಓದುವವರಿಲ್ಲ. ಮನೆಯಲ್ಲಿ ಉಳಿದಿರುವುದಾದರೂ ಅವ್ವ ಮತ್ತು ನಾನು, ಇಬ್ಬರೇ.

ಜೂನ್ ೧೩, ಗುರುವಾರ

ಎಳಿಲ್‌ನನ್ನು ಆಫೀಸಿಗೆ ಕರೆಸಿದೆ. ವಿಚಾರಣೆ ಮುಗಿಯುವ ತನಕ ಅವನು ಗಾಡಿ ಮುಟ್ಟುವಂತಿಲ್ಲ. ಸದ್ಯ ಚಿನ್ನಮನೂರಿನ ಬಾಳೆಕಾಯಿ ವ್ಯಾಪಾರಿಯೊಬ್ಬರ ಲಾರಿ ಓಡಿಸುತ್ತಿದ್ದಾನೆ. ತೇವಾರಂನವನು, ನಮ್ಮವನೇ, ಕನ್ನಡದ ಮನೆಯ ಹುಡುಗ. ಬಂದವನು ಕುರ್ಚಿ ಇದ್ದರೂ ಕೂರಲಿಲ್ಲ.

"ಯಾಕೆ ನಿಲ್ಲಿಸಿದೆ?"

"ದನ ಅಡ್ಡ ಬಂದ್ವಣ್ಣಾ."

"ಯಾರ ದನ?"

"ಸಾಮಿ ದನ."

"ಒಳಗೆ ರೋಗಿ ಇದ್ದಳು."

ಅವನು ತಲೆ ತಗ್ಗಿಸಿದ. "ತಪ್ಪು ನಂದೇ ಅಣ್ಣಾ. ಹಂಗೇ ಬರ್ಕೊಳಿ."

ಇದನ್ನು ಸುಂದರ್ ಸಾರ್‌ಗೆ ಹೇಗೆ ಬರೆಯುವುದು? ನಮ್ಮವರು ದೇವರಿಗೆ ಬಿಟ್ಟ ದನದ ಮಂದೆ ಅದು, ಅವುಗಳ ಹಾಲು ಕರೆಯುವುದಿಲ್ಲ, ನೇಗಿಲಿಗೆ ಹೂಡುವುದಿಲ್ಲ, ಮುಂದೆ ನಡೆಯುವ ಪಟ್ಟದ ಹೋರಿಯೇ ನಮಗೆ ದೇವರು, ಅದು ಎದುರಾದರೆ ಚಪ್ಪಲಿ ಬಿಟ್ಟು ಕೈಮುಗಿದು ಕಡೆಯ ಕರು ದಾಟುವವರೆಗೂ ನಿಲ್ಲುತ್ತೇವೆ ಎಂದು ಬರೆಯಲೇ? ಅವರು ಮದುರೈಯವರು. ದನ ಎಂದರೆ ದನ, ರಸ್ತೆಯಿಂದ ಓಡಿಸಬೇಕಾದ್ದು.

ಆದರೂ ಒಂದು ವಿಷಯ ಸರಿಹೊಂದುತ್ತಿಲ್ಲ. ಹೋದ ವರ್ಷ ಹಾವು ಕಚ್ಚಿದ ಮಗುವೊಂದನ್ನು ತರುವಾಗ ಇದೇ ಮಂದೆ ಇದೇ ಎಳಿಲ್‌ಗೆ ಎದುರಾಗಿತ್ತು. ಆಗ ಅವನು ಗಾಡಿಯನ್ನು ತೆಂಗಿನ ತೋಟದೊಳಗೆ ಇಳಿಸಿ, ಬಳಸಿಕೊಂಡು ಹೋಗಿದ್ದ. ತೋಟದವನು ಬೇಲಿ ಮುರಿದರೆಂದು ಜಗಳಕ್ಕೆ ಬಂದಾಗ ನಾನೇ ಸಮಾಧಾನ ಮಾಡಿದ್ದೆ. ಅವತ್ತು ಸಿಕ್ಕಿದ ದಾರಿ ಈ ಸಲ ಯಾಕೆ ಸಿಗಲಿಲ್ಲ?

ಅವನ ಮೇಲೆ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಬಾಳೆಕಾಯಿ ಲಾರಿ ಹೇಗಿದೆ ಎಂದು ಕೇಳಿದೆ. "ಎಷ್ಟ್ ಹಾರನ್ ಹೊಡುದ್ರೂ ಒಬ್ಬ್ರೂ ವಳಿ ಬುಡಲ್ಲಣ್ಣಾ" ಎಂದ. ಅಷ್ಟು ಹೇಳಿ ಹೋದ.

ಜೂನ್ ೧೫, ಶನಿವಾರ

ಬೋಡಿ ಎ.ಸಿ. ಆಯಿತು. ಊಟ ಮಾಡಿದೆ.

ಜೂನ್ ೧೮, ಮಂಗಳವಾರ

ಮದುರೈಯಿಂದ ಹೊಸ ಸುತ್ತೋಲೆ: ಯಾವ ಕಾರಣಕ್ಕೂ ರೋಗಿಯಿರುವ ಗಾಡಿ ದಾರಿಯಲ್ಲಿ ನಿಲ್ಲಕೂಡದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಎಲ್ಲ ಡ್ರೈವರುಗಳಿಗೂ ಓದಿ ಹೇಳಿದೆ. ಓದುವಾಗ ಎಲ್ಲರೂ ನೆಲ ನೋಡುತ್ತಿದ್ದರು. ಒಬ್ಬನಾದರೂ ತಲೆಯೆತ್ತಿದ್ದರೆ ಬೈಯುತ್ತಿದ್ದೆನೇನೋ.

ಜೂನ್ ೨೦, ಗುರುವಾರ

ಗಾಡಿಯೊಳಗೆ ರೋಗಿಯನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಮಣಿಮೇಗಲೈ. ಅವತ್ತು ಅವಳ ಪಾಳಿ. ಇಂದು ಅವಳನ್ನು ವಿಚಾರಿಸಿದೆ. ಆಂಡಿಪಟ್ಟಿ ಕಡೆಯ ತಮಿಳು ಹುಡುಗಿ, ಗಟ್ಟಿ ಗಂಟಲು. ಇಂದು ಆ ಗಂಟಲು ಏಳಲಿಲ್ಲ.

"ನಾನು ಹೋಗು ಹೋಗು ಅಂತ ಕಿರುಚಿದೆ ಸಾರ್. ಆಕ್ಸಿಜನ್ ಹಾಕಿದ್ದೆ. ಅಕ್ಕ ಕಣ್ಣು ಬಿಟ್ಟಿದ್ದರು. ಎಳಿಲ್ ಮೊದಲು ಬಲಕ್ಕೆ ತಿರುಗಿಸಿದ ಸಾರ್, ತೋಟದ ಕಡೆಗೆ. ಅಷ್ಟರಲ್ಲಿ ಅಮ್ಮ ನಿಮ್ಮ ಮನೆಮಾತಲ್ಲಿ ಅವನಿಗೆ ಏನೋ ಅಂದರು. ಅವನು ನಿಲ್ಲಿಸಿಬಿಟ್ಟ."

"ಯಾವ ಅಮ್ಮ?"

"ನಿಮ್ಮ ಅಮ್ಮ ಸಾರ್. ಜೆಯಂತಿ ಅಕ್ಕನ ಜೊತೆ ಬಂದಿದ್ದರಲ್ಲ."

ಬರೆದುಕೊಂಡೆ. ಇನ್ನೇನಾದರೂ ಇದೆಯೇ ಎಂದು ಕೇಳಿದೆ. ಅವಳಿಗೆ ಅಳು ಬಂತು. ಮೇಜಿನ ಮೇಲಿದ್ದ ನೀರು ಕೊಟ್ಟೆ. ಕುಡಿದು ಹೋದಳು. ಆಕ್ಸಿಜನ್ ಸಿಲಿಂಡರುಗಳು ಸಂಜೆ ಬಂದವು, ಇಳಿಸಿಕೊಂಡೆ.

ಜೂನ್ ೨೩, ಭಾನುವಾರ

ದಿನವಿಡೀ ಗಾಳಿ. ಅಂಗಳದ ಒಣಗಿದ ಬಟ್ಟೆಗಳು ಬೇಲಿ ದಾಟಿ ಹೋಗಿದ್ದವು, ಹೋಗಿ ಆಯ್ದು ತಂದೆ. ಅದರಲ್ಲಿ ಜೆಯಂತಿಯ ಸೀರೆಯೂ ಒಂದಿತ್ತು. ಅವ್ವ ಅದನ್ನು ಯಾಕೆ ಒಗೆದಿದ್ದಾಳೋ ಕೇಳಲಿಲ್ಲ.

ಅವ್ವ ಇತ್ತೀಚೆಗೆ ಸಾಮಿ ಮುಂದೆ ದೀಪ ಹಚ್ಚುತ್ತಿಲ್ಲ. ಬೆಳಿಗ್ಗೆ ಎದ್ದು ಕೈಮುಗಿಯುವುದೂ ಇಲ್ಲ. ವಯಸ್ಸಾಯಿತು, ಮರೆವು.

ಸುಂದರ್ ಸಾರ್ ಭಾನುವಾರವೂ ಬಿಡರು. ಫೋನಿನಲ್ಲಿ ನಿಯಮ ಹೇಳಿದರು. ರೋಗಿಯ ಜೊತೆಗಿರುವ ಸಂಬಂಧಿಕರು ನಿಲ್ಲಿಸು ಎಂದಿದ್ದರೆ ಡ್ರೈವರನ ತಲೆಗೆ ಬರುವುದಿಲ್ಲ, ಆದರೆ ಅವರೇ ಬಂದು ಹಾಗೆಂದು ಹೇಳಬೇಕು. ಇಲ್ಲದಿದ್ದರೆ ಕೆಲಸದಿಂದ ತೆಗೆಯುವುದೇ. ಇಂಥ ಕಾರಣಕ್ಕೆ ತೆಗೆದವನನ್ನು ಇನ್ನಾವ ಆಂಬುಲೆನ್ಸಿನವರೂ ಹತ್ತಿರ ಸೇರಿಸುವುದಿಲ್ಲ.

"ಜೊತೆಗೆ ಇದ್ದವರು ಯಾರು?"

"ನಮ್ಮ ತಾಯಿ."

"ಕೇಳಿದಿರಾ?"

"ವಯಸ್ಸಾಗಿದೆ ಸಾರ್" ಎಂದೆ. ಕೇಳಿದ್ದಕ್ಕೆ ಅದು ಉತ್ತರವಲ್ಲ, ಅವರಿಗೂ ತಿಳಿಯಿತು.

ಜೂನ್ ೨೭, ಗುರುವಾರ

ಜಾಗ ನೋಡದೆ ವರದಿ ಬರೆಯುವಂತಿಲ್ಲ, ಮಾರ್ಕಯನ್‌ಕೋಟ್ಟೈಗೆ ಹೋದೆ. ರಸ್ತೆ ಅಗಲವಾಗಿಯೇ ಇದೆ. ತೆಂಗಿನ ತೋಟಕ್ಕೆ ಇಳಿಯುವ ಜಾಗದಲ್ಲಿ ಬೇಲಿ ಇನ್ನೂ ಕಟ್ಟಿಲ್ಲ. ಅಂದರೆ ದಾರಿಯಿತ್ತು.

ಸಾಮಿ ದನ ಮೇಯಿಸುವ ಅಯ್ಯನಾರ್ ನಾಲೆಯ ಹತ್ತಿರ ಸಿಕ್ಕಿದ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ. ಆಂಬುಲೆನ್ಸಿನ ಆಫೀಸಿನವನು ಎಂದಷ್ಟೇ ಹೇಳಿದೆ, ಅದೂ ತಮಿಳಿನಲ್ಲಿ. ನನ್ನ ಮೂಗು ಮುಖ ನೋಡಿ ಅವನು ಕನ್ನಡದಲ್ಲೇ ಹೇಳಿದ.

"ವಂಡಿ ಸುತ್ಕೊಂಡ್ ಹೋಗಾದ್ರಾಗೆ ಇತ್ತು ಸಾಮಿ. ಅದ್ರೊಳಗಿಂದ ಒಂದು ಮುದುಕವ್ವ ಕಂಬಿ ತಟ್ಟಿ ತಟ್ಟಿ ನಿಲ್ಸುದ್ಲು. ಹಿಂದ್ಲ ಬಾಗ್ಲು ತಗ್ದು ಇಳುದ್ಲು. ಕಾಲ್ಗೆ ಚೆರುಪ್ಪಿಲ್ಲ. ಆ ಬಿಸ್ಲಾಗೆ, ತಾರು ರೋಡ್ನಾಗೆ, ಹೋರಿ ಮುಂದೆ ಉದ್ದಕ ಬಿದ್ಲು. ಏಳವ್ವ ಏಳವ್ವ ಅಂದ್ರೂ ಏಳ್ಲಿಲ್ಲ. ಆ ಡ್ರೈವರ್ ಪಯ್ಯನೇ ಬಂದು ಎತ್ತಿ ಒಳಗ್ಹಾಕ್ಕೊಂಡ. ಪಾಪ, ಒಳಗ ಅವಳ ಮಗಳಿದ್ಲೋ ಏನೋ."

ಸೊಸೆ ಎಂದು ತಿದ್ದಲಿಲ್ಲ. ಅವನಿಗೆ ಥ್ಯಾಂಕ್ಸ್ ಹೇಳಿದೆ. ಅಲ್ಲಿಂದ ಕಂಬಂಗೆ ಹೋಗಿ ಅಲ್ಲಿನ ಗಾಡಿಯ ಸ್ಟ್ರೆಚರ್ ಚಕ್ರ ನೋಡಿದೆ. ಒಂದು ಚಕ್ರ ತಿರುಗುತ್ತಿರಲಿಲ್ಲ, ಗ್ರೀಸ್ ಹಾಕಿಸಿದೆ.

ಜೂನ್ ೨೮, ಶುಕ್ರವಾರ

ಅವ್ವ ಕಾಫಿ ತಂದಿಟ್ಟಳು. ಕುಡಿದೆ. ಅನ್ನ ಬಡಿಸಿದಳು. ತಿಂದೆ. ಅವಳ ಮುಖ ನೋಡಲಿಲ್ಲ. ಅವಳೂ ನನ್ನದನ್ನು ನೋಡಲಿಲ್ಲ. ಎಷ್ಟು ದಿನದಿಂದ ಹೀಗಿದ್ದೇವೋ, ಇವತ್ತು ಗಮನಕ್ಕೆ ಬಂತು.

ಜುಲೈ ೧, ಸೋಮವಾರ

ಬಾಳೆಕಾಯಿ ಮಂಡಿಯ ಹತ್ತಿರ ಎಳಿಲ್‌ನನ್ನು ಹುಡುಕಿಕೊಂಡು ಹೋದೆ. ಲಾರಿಯ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ. ನನ್ನನ್ನು ಕಂಡು ಧುಮುಕಿದ.

"ಅವ್ವ ನಿಲ್ಲಿಸು ಅಂದಳು ಅಂತ ಯಾಕೆ ಹೇಳಲಿಲ್ಲ?"

ಅವನು ಸುತ್ತ ನೋಡಿದ. "ಅಣ್ಣಾ, ನಂಗೇನು ವಯ್ಸದೆ, ಎಲ್ಲಾನಾ ಓಡುಸ್ಕೊಂಡು ತಿಂತೀನಿ. ನೀವು ಅವರೂ ಒಂದೇ ಮನೇಲಿ ಇರ್ಬೇಕಲ್ಲ. ಊರವ್ರು ಅವರ್ನ ಏನಂದಾರು? ನೀವು ಏನಂದೀರಿ?"

"ಆಂಬುಲೆನ್ಸ್ ಬಿಟ್ಟು ಇರುತ್ತೀಯಾ?"

ಹಗ್ಗದ ತುದಿಯನ್ನು ಕೈಗೆ ಸುತ್ತುತ್ತ ನಿಂತ. "ಇರಾಕೆ ಆಗಲ್ಲ. ಇರ್ತೀನಿ" ಎಂದ. ಮಾತು ಮುಗಿಯುವ ಮೊದಲೇ ಅವನ ಕಣ್ಣು ತುಂಬಿತ್ತು. ಅವನು ಅವತ್ತು ನಿಲ್ಲಿಸಬಾರದಿತ್ತು, ಯಾರು ಹೇಳಿದರೂ. ಅದು ಅವನಿಗೂ ಗೊತ್ತು. ಆದರೆ ನಮ್ಮಲ್ಲಿ ಹಿರಿಯ ಹೆಂಗಸು ಕಂಬಿ ತಟ್ಟಿ ಸಾಮಿ ಎಂದರೆ ಬ್ರೇಕಿನ ಮೇಲೆ ಕಾಲು ತಾನಾಗಿ ಹೋಗುತ್ತದೆ. ಆ ಸೀಟಿನಲ್ಲಿ ನಾನಿದ್ದರೂ ಹೋಗುತ್ತಿತ್ತು.

ಜುಲೈ ೩, ಬುಧವಾರ

ವರದಿ ಬರೆದೆ. ದನದ ಮಂದೆ ಅಡ್ಡ ಬಂದಾಗ ಪಕ್ಕದಲ್ಲಿ ದಾರಿಯಿದ್ದರೂ ಚಾಲಕ ವಾಹನವನ್ನು ನಿಲ್ಲಿಸಿದ್ದಾನೆ, ತಪ್ಪನ್ನು ಒಪ್ಪಿಕೊಂಡಿದ್ದಾನೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವ್ವನ ಹೆಸರು ಎಲ್ಲಿಯೂ ಇಲ್ಲ. ಎಳಿಲ್ ಕೂಡ ಇದನ್ನೇ ಕೇಳಿದ್ದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋಲು ಎಳಿಲ್‌ನದಾದ್ದರಿಂದ ನನಗೆ ಹಾಗೆ ಕಾಣುತ್ತದೆಯೋ ಏನೋ. ನಾಳೆ ಕಳಿಸಬೇಕು.

ಜುಲೈ ೪, ಗುರುವಾರ

ಕಳಿಸಲಿಲ್ಲ.

ಬೆಳಿಗ್ಗೆ ಶರ್ಟ್ ಹಾಕಿಕೊಳ್ಳುತ್ತಿದ್ದೆ. ಅವ್ವ ರೇಷನ್ ಅಂಗಡಿಯಿಂದ ಬಂದವಳು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಎಳಿಲ್ ವೇಲೆ ಬುಟ್ನಂತೆ?"

"ಕೆಲಸ ಬಿಡಲಿಲ್ಲ. ನಿಲ್ಲಿಸಿದ್ದಾರೆ."

"ಯಾರು?"

"ನಾನು."

ಅವಳು ಚೀಲ ಇಳಿಸಿದಳು. "ಅಂಗಡೀಲಿ ಮಾತಾಡ್ತಾವ್ರೆ, ಅವ ವಂಡಿ ನಿಲ್ಸಿ ನಮ್ ಜೆಯಂತೀನ ಕೊಂದ ಅಂತ. ಅವ ನಿಲ್ಸ್ಲಿಲ್ಲ ಕಣಪ್ಪಾ. ನಾ ನಿಲ್ಸ್ದೆ."

"ಗೊತ್ತು."

"ಗೊತ್ತಾ? ಎಂದಿಂದ?"

"ಹೋದ ವಾರದಿಂದ."

ಅವಳು ಗೋಡೆ ಹಿಡಿದು ಹಾಗೇ ನೆಲಕ್ಕೆ ಕೂತಳು. "ಗೊತ್ತಿದ್ದೂ ನನ್ ಕೈಯಿಂದ ಸೋರು ತಿಂದ್ಯಾ?"

ಅನ್ನ ತಿಂದಿದ್ದೆ. ಉಪ್ಪು ಸಾಲದೆಂದು ಕೇಳಿ ಹಾಕಿಸಿಕೊಂಡೂ ಇದ್ದೆ.

ಆಮೇಲೆ ಅವಳೇ ಹೇಳಿದಳು. ನಾನು ಶರ್ಟಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕುತ್ತ ಕೇಳಿದೆ. "ಆ ಪಯ್ಯ ಸುತ್ತಿ ಹೋಯ್ತೀನಿ ಅಂದ. ಒಳಗಿನ ನರ್ಸ್ ಪೊಣ್ಣೂ ಕೂಗ್ಯಾಡ್ತು. ನಂಗೆ ಬೇರೇನೂ ಕಾಣ್ಲಿಲ್ಲಪ್ಪಾ. ಸಾಮಿನೇ ಎದುರ್ಗೆ ಬತ್ತಾದೆ, ಇವಳ ಕೈ ಹಿಂಗೆ ತಣ್ಣಗ ಆಯ್ತಾದೆ. ಕೇಳ್ದೆ ಹೆಂಗ್ ಹೋಗಾದು? ನನ್ನ ಎತ್ಕೊ, ಇವಳ ಬುಡು ಅಂತ ಕೇಳ್ದೆ. ನಿಮ್ಮಪ್ಪ ಹೋದಾಗ್ಲೂ ನಾ ಏನೂ ಕೇಳಿರ್ಲಿಲ್ಲ. ಇಷ್ಟ್ ವಯ್ಸಿಗೆ ಒಂದೇ ಕಿತ ಕೇಳಿದ್ದು. ಸಾಮಿ ನನ್ನ ದಾಟ್ಕೊಂಡು ಹೋಗ್ಬುಡ್ತು."

ಸೊಸೆಯ ಮೇಲೆ ಅವ್ವನಿಗೆ ಇಷ್ಟು ಪ್ರೀತಿ ಇತ್ತೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು. ಮಕ್ಕಳಾಗಲಿಲ್ಲವೆಂದು ಬೀದಿಯವರು ಏನೇನೋ ಅಂದಾಗ ಅವ್ವ ಅವರ ಮನೆ ಬಾಗಿಲಿಗೇ ಹೋಗಿ ಬಾಯಿ ಮುಚ್ಚಿಸಿ ಬಂದವಳು. ಇಷ್ಟು ದಿನ ಈ ಮನೆಯಲ್ಲಿ ಹೆಂಡತಿ ಸತ್ತವನು ನಾನೊಬ್ಬ ಇದ್ದೇನೆ ಎಂದುಕೊಂಡಿದ್ದೆ. ಮಗಳು ಸತ್ತವಳೂ ಒಬ್ಬಳಿದ್ದಳು.

"ಬರ್ಕೊ" ಎಂದಳು. "ಕಾಮಾಕ್ಷಿಯಮ್ಮಾಳ್ ನಿಲ್ಸುದ್ಲು ಅಂತ ಬರ್ಕೊ. ಎಲ್ಲಿಗ್ ಬೇಕಾದ್ರೂ ಬತ್ತೀನಿ."

"ಊರೆಲ್ಲ ನಿನ್ನ ಅಂತಾರೆ ಅವ್ವಾ."

"ಅನ್ಲಿ. ಆ ಪಯ್ಯನ್ನ ಅಂತಾವ್ರಲ್ಲ, ಅದ ಕೇಳಾಕೆ ಆಗಲ್ಲ."

ಆಫೀಸಿಗೆ ತಡವಾಗಿ ಹೋದೆ. ನಿನ್ನೆಯ ವರದಿಯನ್ನು ಅಳಿಸಿದೆ.

ಜುಲೈ ೬, ಶನಿವಾರ

ಅವ್ವನನ್ನು ಮದುರೈಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಉಸಿಲಂಪಟ್ಟಿಯಲ್ಲಿ ಸೌತೆಕಾಯಿ ಕೊಂಡುಕೊಟ್ಟೆ. ಸಣ್ಣವನಿದ್ದಾಗ ಅವಳು ಕೊಡಿಸುತ್ತಿದ್ದಳು. ಅರ್ಧ ತಿಂದು ಅರ್ಧ ನನಗೆ ಕೊಟ್ಟಳು. ಗಾಳಿಗೆ ಹಾರುತ್ತಿದ್ದ ಸೆರಗನ್ನು ಹಿಡಿದುಕೊಂಡು ದಾರಿಯುದ್ದಕ್ಕೂ ಹೊರಗೆ ನೋಡಿದಳು.

ಸುಂದರ್ ಸಾರ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಅವ್ವ ಅವರಿಗೆ ತಮಿಳಿನಲ್ಲಿ ಎಲ್ಲವನ್ನೂ ಹೇಳಿದಳು, ಒಂದು ಕಡೆಯೂ ತಡವರಿಸದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಮ್ಮಾ, ಇದರಲ್ಲಿ ನಿಮ್ಮ ಹೆಸರು ಶಾಶ್ವತವಾಗಿ ಉಳಿಯುತ್ತದೆ. ಯೋಚನೆ ಮಾಡಿದ್ದೀರಾ?" ಎಂದರು.

"ನಾನು ಮಾಡಿದ್ದಕ್ಕೆ ಇನ್ನೊಬ್ಬರ ಹೆಸರು ಉಳಿಯೋದು ಬೇಡ ಅಪ್ಪಾ" ಎಂದಳು.

ಸಹಿ ಮಾಡುವಾಗ ನನ್ನ ಮುಖ ನೋಡಿದಳು, ಸರಿಯೇ ಎಂಬಂತೆ. ಮೊದಲೆಲ್ಲ ಹೆಬ್ಬೆಟ್ಟು ಒತ್ತುತ್ತಿದ್ದವಳು. ಜೆಯಂತಿ ಮದುವೆಯಾಗಿ ಬಂದ ಹೊಸತರಲ್ಲಿ ಸ್ಲೇಟು ತಂದು ಕೂರಿಸಿ ಕಲಿಸಿದ್ದು. ಜೆಯಂತಿಯದೂ ಇದೇ ಥರ ಎಡಕ್ಕೆ ವಾಲುವ ಅಕ್ಷರ. ಅದನ್ನು ನೋಡುತ್ತಿದ್ದಾಗ ನನಗೆ ಅಳು ಬಂತು. ಸಾರ್ ಎದುರಿಗೇ ಅತ್ತೆ. ಯಾಕೆ ಅಂತ ಗೊತ್ತಿಲ್ಲ, ಸಹಿ ಚೆನ್ನಾಗಿಯೇ ಬಂದಿತ್ತು.

ಜುಲೈ ೧೨, ಶುಕ್ರವಾರ

ಎಳಿಲ್‌ನನ್ನು ಮತ್ತೆ ತೆಗೆದುಕೊಂಡರು. ಎಚ್ಚರಿಕೆ ಕೊಟ್ಟು ಬತ್ತಲಗುಂಡುವಿಗೆ ಹಾಕಿದ್ದಾರೆ. ಇಂದು ಮೊದಲ ಕೇಸು ಘಾಟಿಯ ಮೇಲಿನಿಂದ ಒಂದು ಬಸುರಿ ಹೆಂಗಸು. ಗಂಡು ಮಗು. ಸಂಜೆ ಫೋನ್ ಮಾಡಿ, "ಅಣ್ಣಾ, ಕ್ಲಚ್ ಸೂಪರ್" ಎಂದ. ಮಗುವಿನ ವಿಷಯ ಆಮೇಲೆ ಹೇಳಿದ. ಕತ್ತೆ.

ಊರಿನಲ್ಲಿ ಅವ್ವನ ಬಗ್ಗೆ ಮಾತು ಶುರುವಾಗಿದೆ. ನೀರಿನ ಟ್ಯಾಂಕಿನ ಹತ್ತಿರ ಇಬ್ಬರು ಹೆಂಗಸರು ಅವಳನ್ನು ಕಂಡು ಸುಮ್ಮನಾದರಂತೆ. ಇನ್ನು ಮುಂದೆ ನೀರಿಗೆ ನಾನೇ ಹೋಗುತ್ತೇನೆ ಎಂದೆ. ನಿನಗೆ ಬಿಂದಿಗೆ ಹಿಡಿಯಲು ಬರುವುದಿಲ್ಲ ಎಂದಳು.

ಆಮೇಲೆ ಹಿತ್ತಲಲ್ಲಿ ಕೂತು ಇಬ್ಬರೂ ಸಣ್ಣ ಈರುಳ್ಳಿ ಸುಲಿಯುತ್ತಿದ್ದೆವು. ಕೈ ನಿಲ್ಲಿಸದೆ, ತಲೆ ಎತ್ತದೆ ಕೇಳಿದಳು.

"ನಾ ನಿಲ್ಸ್ದೇ ಇದ್ದಿದ್ರೆ ಉಳೀತಿದ್ಲಾ?"

ಇದನ್ನು ಕೇಳಲು ಅವಳು ಇಷ್ಟು ದಿನ ಕಾದಿದ್ದಳು.

"ಇಲ್ಲ ಅವ್ವಾ" ಎಂದೆ. "ದೊಡ್ಡಾಸ್ಪತ್ರೆ ಡಾಕ್ಟರ್ನ ಕೇಳ್ದೆ. ರೆಕ್ಕೆ ಕಟ್ಕೊಂಡ್ ಹಾರ್ಸ್ಕೊಂಡ್ ಬಂದಿದ್ರೂ ಆಗ್ತಿರ್ಲಿಲ್ಲ ಅಂದ್ರು. ಹೃದಯ ಮನೇಲೇ ಸೋತುಹೋಗಿತ್ತಂತೆ."

"ನಿಜವಾ?"

"ನಿಜ."

"ಯಾರ್ ಮ್ಯಾಲೆ ಆಣೆ?"

"ಜೆಯಂತಿ ಮ್ಯಾಲೆ ಆಣೆ."

ಅವಳ ಕೈ ನಿಂತಿತು. ಬಹಳ ಹೊತ್ತು ಅತ್ತಳು. ಈರುಳ್ಳಿ ಎಂದಳು. ಹೌದು, ಈ ಸಲದ್ದು ಖಾರ ಜಾಸ್ತಿ ಎಂದೆ. ಕಣ್ಣೊರೆಸಿಕೊಂಡು ಇನ್ನೊಂದು ಹಿಡಿ ತನ್ನ ಕಡೆಗೆ ಎಳೆದುಕೊಂಡಳು.

ಯಾವ ಡಾಕ್ಟರನ್ನೂ ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಜೆಯಂತಿ, ನಿನ್ನ ಮೇಲೆ ಇಟ್ಟ ಈ ಆಣೆಯನ್ನು ನೀನೇ ಹೊತ್ತುಕೊಳ್ಳಬೇಕು. ಅತ್ತೆಗಾಗಿ ಅಂದರೆ ನೀನು ಬೇಡ ಅನ್ನುವವಳಲ್ಲ.